ಬೈಗುಳಕ್ಕೆ ಬೆಲೆ ಕಟ್ಟಿದ ಬಟ್ಟೆ ವ್ಯಾಪಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

1984ರ ಜೂನ್ 2ನೆಯ ತಾರೀಖು, ಜಪಾನಿನ ಹಿರೋಷಿಮಾ ನಗರ. ಬೆಳಗಿನ ಆರು ಗಂಟೆಗೆ ಫುಕುರೊಮಾಚಿ ಎಂಬ ಪೇಟೆಬೀದಿಯಲ್ಲಿ ಹೊಸ ಬಟ್ಟೆ ಅಂಗಡಿಯೊಂದು ಬಾಗಿಲು ತೆರೆಯಿತು. ಆರು ಗಂಟೆ ಎಂದರೆ ಹಾಲು ಮಾರುವವರು, ಪತ್ರಿಕೆ ಹಂಚುವವರು ಓಡಾಡುವ ಹೊತ್ತು. ಅಂಥ ಹೊತ್ತಿನಲ್ಲಿ ಬಟ್ಟೆ ಕೊಳ್ಳಲು ಯಾರು ಬರುತ್ತಾರೆ? ಬಂದರು. ಬಾಗಿಲು ತೆರೆಯುವ ಮೊದಲೇ ಜನ ಸಾಲುಗಟ್ಟಿ ನಿಂತಿದ್ದರು. ಅಂಗಡಿಯ ಕರಪತ್ರಗಳು ಶಾಲೆಗಳ ಹತ್ತಿರ ಹಂಚಿಕೆಯಾಗಿದ್ದವು, ಹಾಗಾಗಿ ಸಾಲಿನಲ್ಲಿ ಎಳೆಯರೂ ಬಹಳ ಮಂದಿ. ಅಷ್ಟು ಬೇಗ ಎದ್ದು ಬಂದವರು ಹಸಿದಿರುತ್ತಾರೆಂದು ಅಂಗಡಿಯವರೇ ಬನ್ನು, ಹಾಲು ಹಂಚಿದರು. ಒಳಗೆ ಹೆಚ್ಚಿನ ಉಡುಪುಗಳ ಬೆಲೆ ಒಂದು ಸಾವಿರ ಯೆನ್, ಇಲ್ಲವೇ ಸಾವಿರದ ಒಂಬೈನೂರು ಯೆನ್.

ಗುಂಪು ಎಷ್ಟು ಬೆಳೆಯಿತೆಂದರೆ, ಸ್ಥಳೀಯ ರೇಡಿಯೊದವರು ಧ್ವನಿವರ್ಧಕ ಹಿಡಿದು ಬಂದು ಮಾಲೀಕರನ್ನು ಮಾತನಾಡಿಸಿದರು. ಹೊಸ ಅಂಗಡಿಯ ಮಾಲೀಕನಿಗೆ ಅದಕ್ಕಿಂತ ದೊಡ್ಡ ಪುಕ್ಕಟೆ ಪ್ರಚಾರ ಇನ್ನೇನು ಬೇಕು! ಆದರೆ ಅವರು ಹೇಳಿದ್ದೇ ಬೇರೆ. ಇನ್ನು ಬಂದು ಸಾಲಿನಲ್ಲಿ ನಿಂತರೂ ಒಳಗೆ ಹೋಗಲು ಆಗದಿರಬಹುದು, ಕ್ಷಮಿಸಿ, ದಯವಿಟ್ಟು ಬರಬೇಡಿ ಎಂದು ಕೇಳಿಕೊಂಡರು. ಆಕಾಶವಾಣಿಯಲ್ಲಿ ಕುಳಿತು ಮಾತನಾಡುವ ನನಗೆ ಈ ಪ್ರಸಂಗ ಓದಿದಾಗಿನಿಂದ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಕೊಳ್ಳಲು ಬರುವವನ ಕಾಲು ನೋಯಬಾರದು, ಅವನ ಹೊತ್ತು ಹಾಳಾಗಬಾರದು ಎಂಬ ಕಾಳಜಿ ಬೋಣಿಯ ದಿನವೇ ಬಾಯಿಗೆ ಬರಬೇಕಾದರೆ ಆ ಮನುಷ್ಯ ವ್ಯಾಪಾರವನ್ನು ಬೇರೆಯೇ ರೀತಿಯಲ್ಲಿ ಕಂಡಿರಬೇಕು.

ಅವರ ಹೆಸರು ತದಾಶಿ ಯನಾಯ್. ಆಗ ಅವರಿಗೆ 35 ವರ್ಷ. ಆ ಅಂಗಡಿಯೇ ಮುಂದೆ ಯುನಿಕ್ಲೋ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾಯಿತು. ಅದನ್ನು ನಡೆಸುವ ಫಾಸ್ಟ್ ರೀಟೇಲಿಂಗ್ ಕಂಪನಿಯ ಅಧ್ಯಕ್ಷರೂ ಮುಖ್ಯ ಕಾರ್ಯನಿರ್ವಾಹಕರೂ ಅವರೇ.

ನಾನು ಜವಳಿ ಅಂಗಡಿಯ ಮನೆಯಲ್ಲಿ ಬೆಳೆದವನು. ನಮ್ಮ ತಾಲ್ಲೂಕು ಪೇಟೆಯಲ್ಲಿ ದೊಡ್ಡಪ್ಪನ ಅಂಗಡಿಯಿತ್ತು. ಬಿಳಿ ಹಾಸು ಹೊದಿಸಿದ ಗಾದಿ, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ, ಹಿಂದೆ ಮರದ ಬೀರುಗಳಲ್ಲಿ ಥಾನುಗಳ ಸಾಲು. ಗಿರಾಕಿ ಬಂದು ಕುಳಿತರೆ ಹತ್ತು ಥಾನು ಬಿಚ್ಚಿ ಹರಡಬೇಕು. ಆತ ಏನನ್ನೂ ಕೊಳ್ಳದೆ ಎದ್ದು ಹೋದರೂ ಮುಖ ಸಿಂಡರಿಸುವಂತಿಲ್ಲ. ಸಿದ್ಧ ಉಡುಪುಗಳು ಪೇಟೆಗೆ ಬರತೊಡಗಿದಾಗ ದೊಡ್ಡಪ್ಪ ನನಗೊಂದು ಪಾಠ ಹೇಳಿಕೊಟ್ಟರು. ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸು, ಕಂಕುಳಿನ ಹೊಲಿಗೆ ನೋಡು. ಕೊರಳಪಟ್ಟಿಯನ್ನು, ಗುಂಡಿಯನ್ನು ಎಲ್ಲರೂ ಚೆನ್ನಾಗಿ ಹೊಲಿಯುತ್ತಾರೆ, ಅದು ಕಣ್ಣಿಗೆ ಬೀಳುತ್ತದೆ. ಕೆಲಸ ಕದ್ದವನು ಸಿಕ್ಕಿಬೀಳುವುದು ಕಂಕುಳಲ್ಲಿ ಎಂದಿದ್ದರು. ಆ ಮಾತನ್ನು ನೀವೂ ಸ್ವಲ್ಪ ನೆನಪಿನಲ್ಲಿಡಿ.

ಯನಾಯ್ ಹುಟ್ಟಿದ್ದು 1949ರಲ್ಲಿ, ಯಾಮಾಗುಚಿ ಪ್ರಾಂತದ ಉಬೆ ಎಂಬ ಊರಿನಲ್ಲಿ. ಅದು ಕಲ್ಲಿದ್ದಲಿನ ಊರು. ಅದೇ ವರ್ಷ ಅವರ ತಂದೆ ಹಿತೋಶಿ ಯನಾಯ್ ಗಂಡಸರ ಉಡುಪಿನ ಅಂಗಡಿ ಇಟ್ಟರು. ಒಗೋರಿ ಶೋಜಿ ಎಂದು ಅದರ ಹೆಸರು. ಕೆಳಗೆ ಅಂಗಡಿ, ಮೇಲೆ ಮನೆ. ಮಗ ಬೆಳೆಯುತ್ತಿದ್ದಂತೆ ಕಲ್ಲಿದ್ದಲ ಕಾಲ ಮುಗಿಯುತ್ತ ಬಂತು. ಗಣಿಗಳು ಮುಚ್ಚಿದವು, ಗಣಿಯ ಕೂಲಿಯನ್ನೇ ನಂಬಿದ್ದ ಪೇಟೆಯೂ ಸೊರಗಿತು. ನಿನ್ನೆ ತುಂಬಿ ತುಳುಕುತ್ತಿದ್ದ ಬೀದಿ ನಾಳೆ ಖಾಲಿಯಾಗಬಹುದು ಎಂಬುದನ್ನು ಅವರು ಹುಡುಗನಾಗಿದ್ದಾಗಲೇ ಕಣ್ಣಾರೆ ಕಂಡರು. ಅವರ ಇಡೀ ಬದುಕಿನ ಅವಸರಕ್ಕೆ ಬೇರು ಅಲ್ಲಿದೆ ಎಂದು ನನಗನಿಸುತ್ತದೆ.

ಓದಿದ್ದು ಟೋಕಿಯೊದ ವಸೇದ ವಿಶ್ವವಿದ್ಯಾಲಯದಲ್ಲಿ. ಅದು ವಿದ್ಯಾರ್ಥಿ ಚಳವಳಿಯ ಕಾಲ, ತರಗತಿಗಳು ನಡೆದದ್ದಕ್ಕಿಂತ ನಡೆಯದೆ ಹೋದದ್ದೇ ಹೆಚ್ಚು. 1971ರಲ್ಲಿ ಪದವಿ ಮುಗಿಸಿ, ಜಸ್ಕೊ ಎಂಬ ದೊಡ್ಡ ಮಳಿಗೆ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಅಡುಗೆಮನೆಯ ಸಾಮಾನು ಮಾರಿ, ವರ್ಷ ತುಂಬುವ ಮೊದಲೇ ಬಿಟ್ಟರು. 1972ರಲ್ಲಿ ಉಬೆಗೆ ಮರಳಿ ತಂದೆಯ ಅಂಗಡಿಯ ಮೆಟ್ಟಿಲು ಹತ್ತಿದರು.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಆಗ ಏಳು ಮಂದಿ ಕೆಲಸಗಾರರಿದ್ದರು, ತಂದೆಯ ಕಾಲದಿಂದ ಪಳಗಿದವರು. ದೊಡ್ಡ ಸಂಸ್ಥೆಯ ಕ್ರಮವನ್ನು ಒಂದಿಷ್ಟು ಕಂಡು ಬಂದಿದ್ದ ಇಪ್ಪತ್ತಮೂರರ ಹುಡುಗ ಅವರ ಕೆಲಸದಲ್ಲಿ ಮಾತುಮಾತಿಗೂ ತಪ್ಪು ಎತ್ತಿದ. ಅವರಿಗೆ ಎಷ್ಟು ನೊಂದಿರಬೇಡ! ಒಬ್ಬೊಬ್ಬರಾಗಿ ಹೊರಟರು. ಏಳರಲ್ಲಿ ಆರು ಮಂದಿ ಹೋಗಿ ಉಳಿದದ್ದು ಒಬ್ಬನೇ. ಮಾಲು ತರಿಸುವುದು, ಜೋಡಿಸುವುದು, ಮಾರುವುದು, ಲೆಕ್ಕ ಬರೆಯುವುದು, ಕಸ ಗುಡಿಸುವುದು ಎಲ್ಲವೂ ಆ ಇಬ್ಬರ ತಲೆಯ ಮೇಲೆ ಬಿತ್ತು. ಬಾಯಿಂದ ಹೇಳಿ ಮಾಡಿಸುವುದಕ್ಕೂ ಕೈಯಾರೆ ಮಾಡುವುದಕ್ಕೂ ಇರುವ ಅಂತರವನ್ನು ಯನಾಯ್ ಆಗ ಕಲಿತರು.

ಇಂಥ ಮಗನನ್ನು ತಂದೆ ಗದರಿಸಿ ಮೂಲೆಗೆ ಕೂರಿಸಬಹುದಿತ್ತು. ಹಿತೋಶಿ ಹಾಗೆ ಮಾಡಲಿಲ್ಲ. ಒಂದು ದಿನ ಅಂಗಡಿಯ ಬ್ಯಾಂಕ್ ಪಾಸ್‌ಬುಕ್ಕನ್ನೂ ಕಂಪನಿಯ ಮೊಹರನ್ನೂ ಮಗನ ಕೈಗೆ ಕೊಟ್ಟುಬಿಟ್ಟರು. ಜಪಾನಿನಲ್ಲಿ ವ್ಯವಹಾರದ ಕಾಗದಕ್ಕೆ ಸಹಿಗಿಂತ ಮೊಹರು ದೊಡ್ಡದು. ಆ ಮೊಹರು ಯಾರ ಕೈಯಲ್ಲಿದೆಯೋ ಅವರದೇ ಅಂಗಡಿ. ನಮ್ಮ ಕಡೆ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕೊನೆಯುಸಿರಿನವರೆಗೂ ಬಿಡದ ಹಿರಿಯರನ್ನು ನಾನು ಕಂಡಿದ್ದೇನೆ. ಆರು ಜನರನ್ನು ಓಡಿಸಿದ ಮಗನಿಗೆ ಮೊಹರು ಒಪ್ಪಿಸಿದ ಆ ತಂದೆಯ ಎದೆಗಾರಿಕೆಯನ್ನು ಹೇಗೆ ಅಳೆಯುವುದು? ಇನ್ನು ಸೋಲುವಂತಿಲ್ಲ ಎಂಬ ಭಾರ ಆ ಕ್ಷಣದಲ್ಲಿ ಮಗನ ಹೆಗಲೇರಿತು.

ಹನ್ನೆರಡು ವರ್ಷ ಅವರು ಆ ಊರಲ್ಲೇ ಸೂಟು ಮಾರಿದರು. ಸೂಟಿನ ವ್ಯಾಪಾರದಲ್ಲಿ ಅಳತೆ, ಸಲಹೆ, ಒಳ್ಳೆಯ ಮಾತು ಎಲ್ಲ ಬೇಕು. ಮಾರುವವನು ಗಿರಾಕಿಯ ಬೆನ್ನಿಗೇ ಇರಬೇಕು. ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ಕಾಲೇಜುಗಳ ಸಹಕಾರಿ ಮಳಿಗೆಗಳನ್ನು ನೋಡಿದರು. ವಿದ್ಯಾರ್ಥಿಗಳು ತಾವೇ ಒಳಗೆ ಹೋಗಿ, ತಾವೇ ಆರಿಸಿ, ದುಡ್ಡು ಕೊಟ್ಟು ಹೊರಡುತ್ತಿದ್ದರು. ಯಾರೂ ಹಿಂದೆ ಬಂದು ಒತ್ತಾಯಿಸುತ್ತಿರಲಿಲ್ಲ. ವಾರಪತ್ರಿಕೆ ಕೊಂಡಷ್ಟು ಸಲೀಸಾಗಿ ಬಟ್ಟೆ ಕೊಳ್ಳುವಂತಾದರೆ ಹೇಗೆ ಎಂಬ ಆ ಯೋಚನೆಯಿಂದ ಹಿರೋಷಿಮಾದ ಅಂಗಡಿ ಹುಟ್ಟಿತು. ‘ಯುನೀಕ್ ಕ್ಲೋಥಿಂಗ್ ವೇರ್‌ಹೌಸ್’ ಎಂದು ಹೆಸರಿಟ್ಟರು, ವಿಶಿಷ್ಟ ಉಡುಪುಗಳ ಉಗ್ರಾಣ ಎಂಬ ಅರ್ಥದಲ್ಲಿ. ಅದನ್ನು ಕುಗ್ಗಿಸಿದಾಗ ಇಂಗ್ಲಿಷಿನ ಸಿ ಅಕ್ಷರ ಬರಬೇಕಿತ್ತು. 1988ರಲ್ಲಿ ಹಾಂಕಾಂಗ್‌ನಲ್ಲಿ ಕಂಪನಿ ನೋಂದಾಯಿಸುವಾಗ ಯಾರೋ ಕೈತಪ್ಪಿ ಕ್ಯೂ ಬರೆದರು. ನೋಡಲು ಚೆನ್ನಾಗಿದೆ, ಹಾಗೇ ಇರಲಿ ಎಂದರು ಯನಾಯ್. ಆ ತಪ್ಪೇ ಇಂದು ಕೆಂಪು ಫಲಕದ ಮೇಲಿದೆ.

ಹಾಂಕಾಂಗ್‌ನಲ್ಲಿ ಅವರಿಗೆ ಸಿಕ್ಕ ದೊಡ್ಡ ಪಾಠ ಜಿಯೊರ್ಡಾನೊ ಎಂಬ ಉಡುಪಿನ ಕಂಪನಿ ಕಟ್ಟಿದ ಜಿಮ್ಮಿ ಲಾಯ್ ಅವರಿಂದ. ತಯಾರಿಸುವವನು ಒಬ್ಬ, ಸಗಟು ವ್ಯಾಪಾರಿ ಇನ್ನೊಬ್ಬ, ಚಿಲ್ಲರೆ ಮಾರುವವನು ಮತ್ತೊಬ್ಬ ಎಂಬ ಹಳೆಯ ಗೋಡೆಗಳು ಅಲ್ಲಿರಲಿಲ್ಲ. ಏನು ಹೊಲಿಯಬೇಕೆಂದು ಅಂಗಡಿಯೇ ತೀರ್ಮಾನಿಸಿ, ತನ್ನದೇ ನಮೂನೆಯಲ್ಲಿ ಕಾರ್ಖಾನೆಯಿಂದ ಹೊಲಿಸಿ, ತಾನೇ ಮಾರಬೇಕು. ಇದರಲ್ಲಿ ಲಾಭವೂ ಇದೆ, ಒಂದು ಕಷ್ಟವೂ ಇದೆ. ಸಗಟು ವ್ಯಾಪಾರಿಯಿಂದ ತಂದ ಮಾಲು ಕೆಟ್ಟರೆ ಅವನ ಮೇಲೆ ಹಾಕಬಹುದು. ತಾನೇ ಹೊಲಿಸಿದ ಅಂಗಿ ಹರಿದರೆ ಯಾರ ಮೇಲೆ ಹಾಕುವುದು?

1991ರಲ್ಲಿ ಒಗೋರಿ ಶೋಜಿ ಎಂಬ ತಂದೆಯಿಟ್ಟ ಹೆಸರು ಹೋಗಿ ಫಾಸ್ಟ್ ರೀಟೇಲಿಂಗ್ ಬಂತು. ಊರ ಹೊರವಲಯದ ರಸ್ತೆಗಳ ಪಕ್ಕ ಉಗ್ರಾಣದಂಥ ಅಂಗಡಿಗಳು ಸಾಲುಸಾಲಾಗಿ ಎದ್ದವು. 1994ರಲ್ಲಿ ಹಿರೋಷಿಮಾ ಷೇರುಪೇಟೆಯಲ್ಲಿ ಕಂಪನಿ ನೋಂದಾಯಿತವಾಯಿತು. ದುಡ್ಡು ಬಂತು, ಹೆಸರು ಬಂತು. ಆದರೆ ಹೆಸರು ಎಂಥದ್ದು? ಅಗ್ಗದ ಮಾಲು, ಹೆಚ್ಚು ದಿನ ಬಾಳುವುದಿಲ್ಲ ಎಂಬ ಹೆಸರು. ತೊಟ್ಟ ಬಟ್ಟೆ ಯುನಿಕ್ಲೋದ್ದು ಎಂದು ಬೇರೆಯವರಿಗೆ ಗೊತ್ತಾಗಿ ಮುಜುಗರವಾಗುವುದಕ್ಕೆ ಜಪಾನಿ ಆಡುಮಾತಿನಲ್ಲಿ ‘ಯುನಿಬರೆ’ ಎಂಬ ಪದವೇ ಹುಟ್ಟಿಕೊಂಡಿತು.

ಈ ಭಾಷಣ ಬರೆಯಲು ನನ್ನನ್ನು ಕೂರಿಸಿದ ಸಂಗತಿ ಬರುವುದು ಈ ಘಟ್ಟದಲ್ಲಿ. 1995ರಲ್ಲಿ ಯನಾಯ್ ಅವರ ಕಂಪನಿ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಹಾಕಿತು. ಯುನಿಕ್ಲೋವನ್ನು ಬೈಯಿರಿ, ಹತ್ತು ಲಕ್ಷ ಯೆನ್ ಗೆಲ್ಲಿರಿ ಎಂಬುದು ಅದರ ಸಾರ. ಬಟ್ಟೆಯಲ್ಲಿ ಏನು ಕೊರತೆ, ಅಂಗಡಿಯಲ್ಲಿ ಏನು ಕೊರತೆ, ಬರೆದು ಕಳಿಸಿ. ಮನಮುಟ್ಟುವಂತೆ ಬೈದವರಿಗೆ ಬಹುಮಾನ. ಸುಮಾರು ಹತ್ತು ಸಾವಿರ ಪತ್ರಗಳು ಬಂದವು. ಎರಡು ಮೂರು ಸಲ ಒಗೆಯುವಷ್ಟರಲ್ಲಿ ಕಂಕುಳಲ್ಲಿ ಹರಿಯಿತು. ಒಂದೇ ಒಗೆತಕ್ಕೆ ಟೀ ಶರ್ಟಿನ ಕೊರಳು ಜೋತುಬಿತ್ತು. ಇಂಥವೇ ಹೆಚ್ಚು.

ಕಂಕುಳಲ್ಲಿ ಹರಿಯಿತು ಎಂದು ಓದಿದಾಗ ನನಗೆ ದೊಡ್ಡಪ್ಪನ ಧ್ವನಿ ಕೇಳಿಸಿದಂತಾಯಿತು. ಸಮುದ್ರದಾಚೆಯ ಯಾವುದೋ ಊರಿನ ಗೃಹಿಣಿ, ಬಟ್ಟೆ ಒಣಹಾಕುವಾಗ ಆ ಹರಕು ಕಂಡು ಸಿಟ್ಟಾಗಿ ಪತ್ರ ಬರೆಯಲು ಕುಳಿತಿರಬೇಕು. ಅಂಗಡಿಗೆ ಬಂದು ಬೈದು ಹೋಗುವ ಗಿರಾಕಿಯನ್ನು ವ್ಯಾಪಾರಿ ಸಹಿಸಿಕೊಳ್ಳುತ್ತಾನೆ, ಅದು ಕಸುಬಿನ ಭಾಗ. ಆದರೆ ಬೈಯಿರಿ ಎಂದು ಊರೂರಿಗೆ ಸಾರಿ, ಬಂದ ಬೈಗುಳವನ್ನೆಲ್ಲ ಕೂತು ಓದುವುದಕ್ಕೆ ಬೇರೆ ಎದೆ ಬೇಕು. ಪತ್ರಗಳನ್ನು ಓದುವಾಗ ಮನಸ್ಸಿಗೆ ಹಿತವಾಗಿರಲಿಲ್ಲ ಎಂದು ಯನಾಯ್ ಮುಂದೆ ಮರೆಮಾಚದೆ ಹೇಳಿಕೊಂಡಿದ್ದಾರೆ. ಕೊಂಡ ಮಾಲನ್ನು ಮೂರು ತಿಂಗಳೊಳಗೆ ಯಾವ ಕಾರಣಕ್ಕಾದರೂ ಹಿಂದಿರುಗಿಸಬಹುದು ಎಂಬ ನಿಯಮ ಅವರ ಅಂಗಡಿಗಳಲ್ಲಿತ್ತು. ಹಿಂದಿರುಗಿ ಬಂದ ಬಟ್ಟೆ ತನ್ನ ತಪ್ಪನ್ನು ತಾನೇ ಹೇಳುತ್ತದೆ. ಆದರೆ ಹಿಂದಿರುಗಿಸುವ ಗೋಜಿಗೇ ಹೋಗದೆ, ಇನ್ನೆಂದೂ ಆ ಅಂಗಡಿಗೆ ಕಾಲಿಡದೆ ಸುಮ್ಮನಾಗುವವರೇ ಬಹಳ. ಅವರ ಬಾಯಿ ಬಿಡಿಸಲು ಹತ್ತು ಲಕ್ಷ ಯೆನ್ ಇಡಬೇಕಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಖರ್ಚು ಆ ಕಂಪನಿಯ ಲೆಕ್ಕಪುಸ್ತಕದಲ್ಲಿ ಇನ್ನೊಂದಿಲ್ಲ.

ಬೈಗುಳ ಕೇಳಿದ ಮೇಲೆ ಕೆಲಸವಾಗಬೇಕಲ್ಲ. ನಮೂನೆಗಳ ಸಂಖ್ಯೆ ಕಡಿಮೆ ಮಾಡಿ, ಒಂದೊಂದು ನಮೂನೆಯನ್ನೂ ಲಕ್ಷಗಟ್ಟಲೆ ಹೊಲಿಸತೊಡಗಿದರು. ಲಕ್ಷಗಟ್ಟಲೆ ಆದೇಶವಿದ್ದರೆ ಕಾರ್ಖಾನೆಯೂ ಮಾತು ಕೇಳುತ್ತದೆ, ಒಳ್ಳೆಯ ನೂಲೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಜಪಾನಿನಲ್ಲಿ ಆ ಹೊತ್ತಿಗೆ ಜವಳಿ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬಣ್ಣದ ತೊಟ್ಟಿ, ನೂಲುವ ಯಂತ್ರ, ಹೊಲಿಗೆ ಇವುಗಳ ನಡುವೆಯೇ ತಲೆ ನರೆತ ಕುಶಲಿಗರಿದ್ದರು. ಯುನಿಕ್ಲೋ ಅಂಥವರನ್ನು ಕರೆದು ಚೀನಾದ ಕಾರ್ಖಾನೆಗಳಿಗೆ ಕಳಿಸಿತು. ‘ತಕುಮಿ’ ಎಂದು ಅವರಿಗೆ ಹೆಸರು, ಅಂದರೆ ಕಸುಬಿನಲ್ಲಿ ಪಳಗಿದವರು. ಬಣ್ಣ ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಬಟ್ಟೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅವರು ಮುಟ್ಟಿ ನೋಡಿ ಹೇಳುತ್ತಿದ್ದರು, ಎಳೆಯರ ಕೈ ಹಿಡಿದು ತಿದ್ದುತ್ತಿದ್ದರು. ಮುಚ್ಚಿದ ಗಿರಣಿಯೊಂದಿಗೆ ಮಣ್ಣಾಗಬೇಕಿದ್ದ ವಿದ್ಯೆ ಇನ್ನೊಂದು ದೇಶದಲ್ಲಿ ಮತ್ತೆ ಚಿಗುರಿತು.

1998ರ ನವೆಂಬರ್‌ನಲ್ಲಿ ಟೋಕಿಯೊದ ಹರಾಜುಕುವಿನಲ್ಲಿ ಅಂಗಡಿ ತೆರೆದರು. ಅಲ್ಲಿ ಮುಂದೆ ಇಟ್ಟದ್ದು ಒಂದೇ ಮಾಲು, ಫ್ಲೀಸ್ ಅಂಗಿ. ಪಾಲಿಯೆಸ್ಟರಿನ ಮೃದುವಾದ, ಹಗುರವಾದ, ಚಳಿಗೆ ಬೆಚ್ಚನೆಯ ಉಡುಪು. ಅಲ್ಲಿಯತನಕ ಅದು ಬೆಟ್ಟ ಹತ್ತುವವರ ದುಬಾರಿ ಸರಕು. ಯುನಿಕ್ಲೋ 1,900 ಯೆನ್ನಿಗೆ ಕೊಟ್ಟಿತು. ಆ ವರ್ಷ 20 ಲಕ್ಷ ಅಂಗಿ ಹೋದವು, ಮರುವರ್ಷ 85 ಲಕ್ಷ. 2000ದ ಹಂಗಾಮಿನಲ್ಲಿ 51 ಬಣ್ಣಗಳಲ್ಲಿ 2 ಕೋಟಿ 60 ಲಕ್ಷ. ಹದಿಮೂರು ಕೋಟಿಯೂ ಇಲ್ಲದ ಜನಸಂಖ್ಯೆಯ ದೇಶದಲ್ಲಿ ಐದು ಜನಕ್ಕೆ ಒಂದರಂತೆ! ಗುಟ್ಟಾಗಿ ತೊಡುತ್ತಿದ್ದವರು ಈಗ ಎದೆಯುಬ್ಬಿಸಿ ತೊಟ್ಟರು. ಟೋಕಿಯೊ ಷೇರುಪೇಟೆಯ ಮೊದಲ ಶ್ರೇಣಿಗೆ ಕಂಪನಿ ಏರಿದ್ದು 1999ರಲ್ಲಿ, ತಂದೆ ಹಿತೋಶಿ ತೀರಿಕೊಂಡದ್ದೂ ಅದೇ ವರ್ಷ.

ಐದರಲ್ಲಿ ಒಬ್ಬರು ತೊಟ್ಟ ಅಂಗಿಯನ್ನು ಮತ್ತೆ ಯಾರು ಕೊಳ್ಳುತ್ತಾರೆ? 2001ರಲ್ಲಿ ಸುಮಾರು 41,850 ಕೋಟಿ ಯೆನ್ ಇದ್ದ ವಹಿವಾಟು ಎರಡೇ ವರ್ಷದಲ್ಲಿ 31,000 ಕೋಟಿಯ ಆಸುಪಾಸಿಗೆ ಕುಸಿಯಿತು. 2001ರಲ್ಲಿ ಬ್ರಿಟನ್ನಿಗೆ ಹೋಗಿ ನೋಡನೋಡುತ್ತಲೇ 21 ಅಂಗಡಿ ತೆರೆದಿದ್ದರು. 2003ರಲ್ಲಿ ಅವುಗಳಲ್ಲಿ 16ನ್ನು ಮುಚ್ಚಿದರು. ತರಕಾರಿ ಮಾರಾಟಕ್ಕೂ ಕೈಹಾಕಿದ್ದರು. ಬಟ್ಟೆಯಲ್ಲಿ ಸಾಧ್ಯವಾದದ್ದು ಟೊಮೆಟೊದಲ್ಲಿ ಏಕೆ ಆಗಬಾರದು ಎಂಬ ನಂಬಿಕೆಯಿಂದ 2002ರಲ್ಲಿ ಶುರುವಾದ ಆ ಉದ್ಯಮಕ್ಕೆ 2004ರಲ್ಲಿ ಬಾಗಿಲು ಹಾಕಬೇಕಾಯಿತು. ಸುಮಾರು 260 ಕೋಟಿ ಯೆನ್ ನಷ್ಟ. ಬಟ್ಟೆಯನ್ನು ಬೇಡಿಕೆ ನೋಡಿ ಹೊಲಿಸಬಹುದು, ಮಳೆ ಬಿಸಿಲು ನೋಡುವ ಬೆಳೆಯನ್ನು ಹಾಗೆ ಬೆಳೆಸಲಾಗುವುದಿಲ್ಲ. ನಮ್ಮ ಕೋಲಾರದ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಆ ತರಕಾರಿ ಉದ್ಯಮದ ಹೊಣೆ ಹೊತ್ತಿದ್ದವರು ಒಸಾಮು ಯುನೊಕಿ. ನಷ್ಟಕ್ಕೆ ತಲೆಬಾಗಿ, ಕೆಲಸ ಬಿಡುತ್ತೇನೆಂದು ಯನಾಯ್ ಅವರ ಮುಂದೆ ನಿಂತರು. 260 ಕೋಟಿ ಖರ್ಚು ಮಾಡಿ ಪಾಠ ಕಲಿತು ಈಗ ಹೊರಟುಬಿಟ್ಟರೆ ಹೇಗೆ, ಆ ದುಡ್ಡನ್ನು ಮರಳಿ ಕೊಡಬೇಕು ಎಂಬರ್ಥದ ಮಾತನ್ನು ಯನಾಯ್ ಆಡಿದರು. ಯುನೊಕಿ ಉಳಿದರು. ಮುಂದೆ ಅದೇ ಕಂಪನಿಯ ಇನ್ನೂ ಅಗ್ಗದ ಉಡುಪಿನ ಸರಪಳಿಯಾದ ಜಿಯುಗೆ 2010ರಲ್ಲಿ ಅಧ್ಯಕ್ಷರಾಗಿ ಅದನ್ನು ಬೆಳೆಸಿದರು. ಉಬೆಯ ಅಂಗಡಿಯಲ್ಲಿ ಆರು ಮಂದಿಯನ್ನು ಉಳಿಸಿಕೊಳ್ಳಲಾರದ ಹುಡುಗ ಮೂವತ್ತು ವರ್ಷಗಳ ನಂತರ ಸೋತು ನಿಂತ ಒಬ್ಬನನ್ನು ಉಳಿಸಿಕೊಂಡ ಬಗೆ ಇದು. ತಂದೆ ತನಗೆ ಮೊಹರು ಕೊಟ್ಟ ದಿನದ ನೆನಪು ಅವರಿಗೆ ಆಗ ಬಂದಿರಲೇಬೇಕು ಎಂದು ನನ್ನ ಊಹೆ.

2002ರಲ್ಲಿ ದಿನದಿನದ ಆಡಳಿತವನ್ನು ಕಿರಿಯರಿಗೆ ಬಿಟ್ಟುಕೊಟ್ಟಿದ್ದ ಯನಾಯ್ 2005ರಲ್ಲಿ ಮತ್ತೆ ಹಿಂದಿರುಗಿದರು. ಟೋರೇ ಎಂಬ ಜಪಾನಿ ನೂಲಿನ ಕಂಪನಿಯೊಡನೆ ಸೇರಿ ಮೈ ಬೆಚ್ಚಗಿಡುವ ತೆಳುವಾದ ಒಳಉಡುಪು ತಂದರು. ನ್ಯೂಯಾರ್ಕ್, ಪ್ಯಾರಿಸ್, ಶಾಂಘೈ ಎಲ್ಲ ಆಯಿತು. 2019ರ ಅಕ್ಟೋಬರ್‌ನಲ್ಲಿ ದೆಹಲಿಯ ವಸಂತ ಕುಂಜ್‌ನಲ್ಲಿ ಭಾರತದ ಮೊದಲ ಅಂಗಡಿ ಬಂತು. 2024ರಲ್ಲಿ ವರ್ಷದ ವಹಿವಾಟು 3 ಲಕ್ಷ ಕೋಟಿ ಯೆನ್ ದಾಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು. ಕೊಳ್ಳುವವರ ಬೈಗುಳವನ್ನು ದುಡ್ಡು ಕೊಟ್ಟು ತರಿಸಿಕೊಂಡ ಈ ವ್ಯಾಪಾರಿ ಹೊಲಿಯುವವರ ದೂರನ್ನು ಅಷ್ಟೇ ಆಸಕ್ತಿಯಿಂದ ಕೇಳಿದರೇ? ಇಲ್ಲ ಎಂದೇ ಹೇಳಬೇಕಾಗುತ್ತದೆ. 2015ರಲ್ಲಿ ಹಾಂಕಾಂಗ್‌ನ ಸಾಕಮ್ ಎಂಬ ಕಾರ್ಮಿಕಪರ ಸಂಘಟನೆ ಯುನಿಕ್ಲೋಗೆ ಬಟ್ಟೆ ಒದಗಿಸುವ ಚೀನಾದ ಎರಡು ಕಾರ್ಖಾನೆಗಳ ವರದಿ ಹೊರತಂದಿತು. ಮಿತಿಮೀರಿದ ದುಡಿಮೆಯ ಹೊತ್ತು, ಬೇಯಿಸುವಂಥ ಸೆಕೆ, ನೆಲದ ಮೇಲೆಲ್ಲ ಹರಿಯುವ ಕೊಳೆನೀರು. ಕಂಪನಿ ತಾನೇ ವಿಚಾರಿಸಿ ದುಡಿಮೆಯ ಹೊತ್ತು ಹೆಚ್ಚಿರುವುದು ನಿಜವೆಂದು ಒಪ್ಪಿಕೊಂಡಿತು, ತಿದ್ದುವ ಮಾತು ಕೊಟ್ಟಿತು. ತನ್ನ ಮುಖ್ಯ ಹೊಲಿಗೆ ಕಾರ್ಖಾನೆಗಳ ಪಟ್ಟಿಯನ್ನು ಸಾರ್ವಜನಿಕರ ಮುಂದಿಟ್ಟದ್ದು 2017ರಲ್ಲಿ. ಗಿರಾಕಿಯ ಬೈಗುಳಕ್ಕೆ ಪತ್ರಿಕೆಯಲ್ಲಿ ಆಹ್ವಾನ ಕೊಟ್ಟು ಆಗಲೇ 22 ವರ್ಷವಾಗಿತ್ತು. ಈ ಅಂತರ ನನ್ನನ್ನು ಚುಚ್ಚುತ್ತದೆ. ಕಂಕುಳು ಹರಿದ ಅಂಗಿ ಹಿಡಿದವಳ ಸಿಟ್ಟು ಮಾಲೀಕನ ಮೇಜಿಗೆ ಅಷ್ಟು ಬೇಗ ತಲುಪಿತು. ಅದೇ ಕಂಕುಳನ್ನು ಹೊಲಿದವಳ ದಣಿವು ತಲುಪಲು ಹೊರಗಿನವರು ಹೋಗಿ ವರದಿ ಬರೆಯಬೇಕಾಯಿತು.

2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ, ಮಾರ್ಚ್‌ನಲ್ಲಿ, ಉಡುಪು ಬದುಕಿನ ಅಗತ್ಯ, ರಷ್ಯಾದ ಜನರಿಗೂ ಅದರ ಹಕ್ಕಿದೆ ಎಂದು ಹೇಳಿ ಅಂಗಡಿಗಳನ್ನು ತೆರೆದೇ ಇಟ್ಟರು. ಖಂಡನೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ವ್ಯಾಪಾರ ನಿಲ್ಲಿಸಿದರು. ಚೀನಾದ ಷಿನ್‌ಜಿಯಾಂಗ್ ಪ್ರಾಂತದ ಹತ್ತಿಯ ಬಗ್ಗೆ, ಅಲ್ಲಿ ಬಲವಂತದ ದುಡಿಮೆ ನಡೆಯುತ್ತದೆಂಬ ಆರೋಪದ ಬಗ್ಗೆ ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಿಬಿಸಿಯವರು ಕೇಳಿದಾಗ ಆ ಹತ್ತಿಯನ್ನು ಬಳಸುತ್ತಿಲ್ಲ ಎಂದರು, ಒಡನೆಯೇ ಚೀನಾದಲ್ಲಿ ಯುನಿಕ್ಲೋ ಬಹಿಷ್ಕಾರದ ಕೂಗೆದ್ದಿತು. ಬೈಗುಳ ಈಗ ಎರಡು ದಿಕ್ಕಿನಿಂದ ಬರುತ್ತಿದೆ. ಒಬ್ಬರನ್ನು ಸಮಾಧಾನಪಡಿಸಿದರೆ ಇನ್ನೊಬ್ಬರು ಕೆರಳುತ್ತಾರೆ. ಕಂಕುಳಿನ ಹೊಲಿಗೆಯನ್ನು ಸರಿಪಡಿಸಿದಷ್ಟು ಸುಲಭವಲ್ಲ ಇದು.

ದೆಹಲಿಯಲ್ಲಿರುವ ನನ್ನ ತಂಗಿಯ ಮಗ ಕಳೆದ ದೀಪಾವಳಿಗೆ ಬಂದಾಗ ನನಗೊಂದು ಯುನಿಕ್ಲೋ ಅಂಗಿ ತಂದುಕೊಟ್ಟ. ತಿಳಿನೀಲಿ, ಗೀಟಿಲ್ಲ, ಚಿತ್ತಾರವಿಲ್ಲ. ತೊಟ್ಟು ನೋಡು ಮಾವ ಎಂದ. ನಾನು ತೊಡಲಿಲ್ಲ, ಮೊದಲು ಒಳಮಗ್ಗುಲಿಗೆ ತಿರುಗಿಸಿದೆ. ಕಂಕುಳಲ್ಲಿ ನಾಲ್ಕು ಹೊಲಿಗೆಗಳು ಬಂದು ಕೂಡುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ, ಎರಡೂ ಕಡೆಯಿಂದ ಎಳೆದು ನೋಡಿದೆ. ಟಾಕುಗಳು ಒತ್ತೊತ್ತಾಗಿದ್ದವು, ಅಂಚು ಮಡಿಸಿ ಹೊಲಿದಿತ್ತು, ಒಂದು ಎಳೆಯೂ ಹೊರಗೆ ಚಾಚಿರಲಿಲ್ಲ. ದೊಡ್ಡಪ್ಪ ಇದ್ದಿದ್ದರೆ ತಲೆದೂಗುತ್ತಿದ್ದರು. ಪಕ್ಕದ ಹೊಲಿಗೆಯಲ್ಲಿ ಉಗುರಿನಗಲದ ಬಿಳಿ ಚೀಟಿಯೊಂದಿತ್ತು. ಬಾಂಗ್ಲಾದೇಶದಲ್ಲಿ ತಯಾರಾದದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ಹೊಲಿದವರ ಹೆಸರಿಗಾಗಿ ಚೀಟಿಯ ಹಿಂಬದಿಯನ್ನೂ ತಿರುವಿ ನೋಡಿದೆ. ಅಲ್ಲಿ ಒಗೆಯುವ ನೀರು ಎಷ್ಟು ಬಿಸಿಯಿರಬೇಕು ಎಂಬುದಷ್ಟೇ ಬರೆದಿತ್ತು.

ನಮಸ್ಕಾರ.